ಅರಿಶಿನ ಮೇಲೆ, ಕುಂಕುಮ ಕೆಳಗೆ

ಬೈಲಹೊಂಗಲದ ಆ ಅಂಗಡಿಯವನಿಗೆ ತಾನು ಮಾರುವ ಬಾವುಟದ ತಲೆ ಯಾವುದು, ಬುಡ ಯಾವುದು ಎಂಬುದೇ ಗೊತ್ತಿರಲಿಲ್ಲ. ನಾನು ನೇಸರಗಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿದ್ದೆ. ರಾಜ್ಯೋತ್ಸವಕ್ಕೆ ಕನ್ನಡ ಬಾವುಟ ತರುವ ಕೆಲಸವನ್ನು ನಮ್ಮ ಓಣಿಯ ಸಂಘದವರು ನನಗೆ ವಹಿಸಿದ್ದರು. ಏರಿಸುವವಳೂ ನಾನೇ ಎಂದು ಮಾತಾಗಿತ್ತು. ಊರಿನ ಸಾಲೆಯಲ್ಲಿ ಕನ್ನಡ ಕಲಿಸಿ ಕಲಿಸಿ ನಿವೃತ್ತಳಾದವಳು ನಾನು. ಅಷ್ಟೂ ವರ್ಷ ಬಾವುಟದ ಹಗ್ಗ ಜಗ್ಗಿದವರು ಹೆಡ್‌ಮಾಸ್ತರರು, ಇಲ್ಲವೆ ಊರ ಹಿರಿಯರು. ನಾನು ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದೆ. ಈ ಸಲ ಆ ಹಗ್ಗ ನನ್ನ ಕೈಗೆ ಬರುತ್ತದೆಂದು ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅಂಗಡಿಯವ ಮಿರಮಿರ ಮಿಂಚುವ ಸಾಟಿನ್ ಬಾವುಟ ಹಾಸಿದ. ಅಂಚಿಗೆ ಜರಿ, ಮೂಲೆಗೆ ಗೊಂಡೆ.

“ನಡಕ ನಿಮ್ಮ ಅಧ್ಯಕ್ಷರ ಫೋಟೊ ಹಾಕಿಸಿ ಕೊಡ್ತೇನ್ರಿ, ಅಮ್ಮಾರ.”

“ಫೋಟೊ ನಿಮ್ಮ ಅಂಗಡ್ಯಾಗ ತೂಗ ಹಾಕ್ಕೋರಿ. ನನಗ ಬರೇ ಎರಡು ಬಣ್ಣದ ಹತ್ತಿ ಅರಿವಿದು ಕೊಡ್ರಿ.”

ಹುಡುಕಿ ಹುಡುಕಿ ಕೆಳಗಿನ ಕಪಾಟಿನಿಂದ ಒಂದು ಹತ್ತಿಯದು ತೆಗೆದ. ಯಾವ ಬಣ್ಣ ಮೇಲೆ ಬರುತ್ತದೆ ಎಂದು ಅವನನ್ನೇ ಕೇಳಿದೆ. ಪರೀಕ್ಷೆ ಮಾಡುವ ಚಟ ನನ್ನದು, ಹೋಗುವುದಿಲ್ಲ.

“ಹ್ಯಾಂಗ ಏರಿಸಿದ್ರೂ ನಡೀತೈತ್ರಿ. ಎರಡೂ ತುದಿಗೆ ಲಾಡಿ ಅದಾವಲ್ಲ.”

ಅಂದು ಸಂಜೆ ಸಂಘದ ಸಭೆ. ಅಧ್ಯಕ್ಷ ನನ್ನದೇ ಶಿಷ್ಯ. ಏಳನೇ ಇಯತ್ತೆಯಲ್ಲಿ ಒತ್ತಕ್ಷರ ಬರೆ ಎಂದರೆ ಅಳುತ್ತಿದ್ದವ. ಈಗ ಕೊರಳಿಗೆ ಹಳದಿ-ಕೆಂಪು ಶಾಲು ಹಾಕಿಕೊಂಡು ಕನ್ನಡ ಉಳಿಸುತ್ತಾನೆ.

“ಅಕ್ಕೋರ, ಈ ಬಣ್ಣದ ಅರ್ಥ ಒಂದೀಟು ಹೇಳ್ರಿ. ಭಾಷಣಕ್ಕ ಬೇಕು” ಎಂದ.

ಹಳದಿ ಶಾಂತಿಗೆ, ಕೆಂಪು ಧೈರ್ಯಕ್ಕೆ ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಪಾಠ ಹೇಳಿದ ನಾಲಿಗೆ, ನಿಲ್ಲಲಿಲ್ಲ. “ಹಳದಿ ಅಂದ್ರ ಅರಿಶಿಣ, ಕೆಂಪು ಅಂದ್ರ ಕುಂಕುಮ. ನಾಡತಾಯಿಗೆ ನಾವು ಕೊಡೋ ಮರ್ಯಾದಿ ಅದು” ಎಂದು ಸೇರಿಸಿದೆ.

ಎಲ್ಲರ ಕಣ್ಣೂ ನನ್ನ ಹಣೆಯ ಮೇಲೆ ಬಂದು ಕುಳಿತವು. ಗಂಡ ತೀರಿಕೊಂಡ ಮೇಲೆ ಅಲ್ಲಿ ವಿಭೂತಿ ಬಿಟ್ಟರೆ ಬೇರೇನೂ ಇಲ್ಲ. ಮೂಲೆಯಲ್ಲಿದ್ದ ಹಿರಿಯರೊಬ್ಬರು ಕೆಮ್ಮಿದರು. “ಹಂಗಾದ್ರ ವಿಚಾರ ಮಾಡಬೇಕಾಗತೈತಿ. ಅರಿಶಿಣ-ಕುಂಕುಮದ ಕೆಲಸ ಮುತ್ತೈದ್ಯಾರದು.”

ಅಧ್ಯಕ್ಷ ನೆಲ ನೋಡುತ್ತ ಹೇಳಿದ: “ಅಕ್ಕೋರ, ನೀವು ಭಾಷಣ ಮಾಡ್ರಿ. ಹಗ್ಗ ನಮ್ಮ ಮನಿಯಾಕಿ ಜಗ್ಗತಾಳ. ಮಂದಿ ಬಾಯಿ ಕೆಟ್ಟದ್ರಿ. ನನಗೇನೂ ಇಲ್ಲ.”

ನನಗೇನೂ ಇಲ್ಲ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಎಲ್ಲರೂ ಸಮಾನ ಎಂದು ಭಾಷಣ ಹೊಡೆಯುವ ಜನ ಇವರು. ಕಿತ್ತೂರಿಗೆ ಹೋದಾಗಲೆಲ್ಲ ರಾಣಿಯ ಮೂರ್ತಿಯ ಮುಂದೆ ನಿಂತು ಮೀಸೆ ತಿರುವಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆಕೆ ಖಡ್ಗ ಹಿಡಿದಾಗ ಆಕೆಯ ಗಂಡನೂ ಇರಲಿಲ್ಲ. ಈ ಮಾತು ನನಗೆ ಹೊಳೆದದ್ದು ಮನೆಗೆ ಬಂದು ಭಾಂಡೆ ತಿಕ್ಕುವಾಗ. ಸಭೆಯಲ್ಲಿ ನಾನು “ಆಗಲಿ” ಎಂದು ಎದ್ದು ಬಂದಿದ್ದೆ. ಥೂ ನನ್ನ ಜನ್ಮಕ್ಕೆ.

ರಾಜ್ಯೋತ್ಸವದ ದಿನ ಭಾಷಣ ಒಲ್ಲೆನೆಂದು ಹಿಂದಿನ ಕುರ್ಚಿಯಲ್ಲಿ ಕುಳಿತೆ. ಬಾವುಟದಲ್ಲಿ ಹೂವು ಸುತ್ತಿ ಕಟ್ಟಿದವನು ಅಧ್ಯಕ್ಷನೇ. ಅವನ ಹೆಂಡತಿ, ಪಾಪ, ಇಳಕಲ್ ಸೀರೆ ಉಟ್ಟು ಹೆದರಿಕೊಂಡೇ ಹಗ್ಗ ಜಗ್ಗಿದಳು. ಹೂವು ಉದುರಿದವು, ಬಾವುಟ ಬಿಚ್ಚಿಕೊಂಡಿತು. ಕೆಂಪು ಮೇಲೆ, ಹಳದಿ ಕೆಳಗೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಮೊಬೈಲ್ ಎತ್ತಿದರು. ಎದೆಯುಬ್ಬಿಸಿ ನಾಡಗೀತೆ ಹಾಡಿದರು. ಬಣ್ಣದ ಮಡಿ ಕಾಯಲು ಬಂದವರಲ್ಲಿ ಒಬ್ಬನಿಗೂ ಬಣ್ಣ ಕಾಣಲಿಲ್ಲ. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ನಕ್ಕ ಮೇಲೆ ಅಳು ಬಂತು, ಅದನ್ನೂ ಬರೆಯಬೇಕು.

ಫೋಟೊ ಸವದತ್ತಿಯಲ್ಲಿರುವ ಅಧ್ಯಕ್ಷನ ಬೀಗರಿಗೆ ಮುಟ್ಟಿ, ಅವರು ಫೋನಿನಲ್ಲಿ ಬೈದ ಮೇಲೆ ಇವನಿಗೆ ಎಚ್ಚರವಾಯಿತು. ಅಷ್ಟೊತ್ತಿಗೆ ಜನ ಶಿರಾ-ಉಪ್ಪಿಟ್ಟಿಗೆ ಮುಗಿಬಿದ್ದಿದ್ದರು. ಅವನು ನನ್ನ ಹತ್ತಿರ ಓಡಿ ಬಂದ.

“ಅಕ್ಕೋರ, ಉಲ್ಟಾ ಆಗೇತ್ರಿ. ನಾವ ಕಟ್ಟಿದ್ರ ಮತ್ತ ಏನರೆ ಆಗತೈತಿ. ಲಗೂ ಬರ್ರಿ.”

“ಅರಿಶಿಣ-ಕುಂಕುಮ ಅಲ್ಲೇನೋ ಅದು? ನಾ ಮುಟ್ಟಿದ್ರ ನಡೀತೈತಿ?”

“ಈಗ ಯಾರೂ ನೋಡಾಕ ಹತ್ತಿಲ್ರಿ.”

ಅವನ ಮುಖಕ್ಕೆ ಉಗಿದು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ನನಗೆ ಆ ಹಗ್ಗ ಬೇಕಾಗಿತ್ತು. ಬಾವುಟ ಇಳಿಸಿದೆ, ಲಾಡಿ ಬಿಚ್ಚಿದೆ, ಹಳದಿ ಮೇಲೆ ಮಾಡಿ ಬಿಗಿಯಾಗಿ ಕಟ್ಟಿ ಜಗ್ಗಿದೆ. ನೂಲಿನ ಹಗ್ಗ ಅಂಗೈಗೆ ಒರಟಾಗಿ ತಾಗಿತು. ಬಾವುಟ ತುದಿ ಮುಟ್ಟಿ ಗಾಳಿಗೆ ಬಿಚ್ಚಿಕೊಂಡಾಗ ತಿರುಗಿ ನೋಡಿದೆ. ಎಲ್ಲರೂ ನನಗೆ ಬೆನ್ನು ಹಾಕಿ ಶಿರಾ ತಿನ್ನುತ್ತಿದ್ದರು. ಚಪ್ಪಾಳೆ ಮೊದಲೇ ಮುಗಿದಿತ್ತು.