ಗಿಟಾರಿಗೆ ಕರೆಂಟು ಕೊಟ್ಟದ್ದು

ನಾನು ಗಿಟಾರು ನುಡಿಸುತ್ತಿದ್ದೆ ಎಂದು ಒಪ್ಪಿಕೊಳ್ಳಲು ಈಗಲೂ ತುಸು ನಾಚಿಕೆಯೇ. ಅರವತ್ತರ ದಶಕದಲ್ಲಿ ಇಡೀ ಸಿಂದಗಿಗೆ ಅದೊಂದೇ ಗಿಟಾರು. ಹಾಗಾಗಿ ಊರಿನ ಉತ್ತಮ ವಾದಕನೂ ನಾನೇ, ಅಧಮನೂ ನಾನೇ. ಸೊಲ್ಲಾಪುರದಿಂದ ತಂದ ದಿನ ಬಸ್ಸಿನ ಕಂಡಕ್ಟರ್, "ಏನ್ರಿ ಮಾಸ್ತರ, ತಂಬೂರಿ ಬಾತೈತೇನು?" ಎಂದು ಕೇಳಿದ್ದ.

ನುಡಿಸತೊಡಗಿದ ಮೇಲೆ ಊರಿನವರು ತಲೆದೂಗಿದರು. ಅವರ ಮಾತು ಹಾಳಾಗಲಿ, ನನಗೆ ಬೇಕಿದ್ದದ್ದು ಅವ್ವನ ಮಾತು. ತವರೂರು ಇಂಗಳೇಶ್ವರದಲ್ಲಿ ಬೀಸುವ ಹಾಡಿಗೆ ಹೆಸರಾದವಳು ಆಕೆ. ನಾನು ಗಿಟಾರು ಹಿಡಿಯುವ ಹೊತ್ತಿಗೆ ಆಕೆಯ ಕಿವಿ ಪೂರಾ ಮಂದವಾಗಿದ್ದವು. ನಾನು ಮೈಮರೆತು ನುಡಿಸುತ್ತಿದ್ದರೆ ಓಣಿಯವರಿಗೆ, "ನಮ್ಮ ಹುಡುಗ ಮುಂಜಾನೆದ್ದು ಆ ಡಬ್ಬಿ ಕೆರಕೋತ ಕುಂದರ್ತಾನ್ರಿ. ಏನ್ ಕಜ್ಜಿ ಆಗೇತೋ ಅದಕ್ಕ!" ಎನ್ನುವಳು. ಒಮ್ಮೆಯಾದರೂ ಆಕೆ ಕೇಳಬೇಕು, ಕೇಳಿ ಭೇಷ್ ಅನ್ನಬೇಕು. ಮೂರು ವರ್ಷ ನನಗೆ ಇದೊಂದೇ ಹುಚ್ಚು.

ಮದುವೆಗಳಿಗೆ ಲೌಡ್‌ಸ್ಪೀಕರ್ ಬಾಡಿಗೆ ಕೊಡುತ್ತಿದ್ದ ಗೆಳೆಯ ಲಾಲಸಾಬನಿಗೂ ಆ ಹುಚ್ಚು ಅಂಟಿತು. ಮೊದಲು ಮೈಕು ಇಟ್ಟು ನೋಡಿದ. ಅದು ನನ್ನ ಗಿಟಾರು ಬಿಟ್ಟು ಕೋಳಿ, ಕೆಮ್ಮು, ಪಕ್ಕದ ಮನೆಯ ರೊಟ್ಟಿ ಬಡಿಯುವ ಸದ್ದು ಎಲ್ಲವನ್ನೂ ಒದರಿತು. "ಮೈಕು ಗಾಳಿ ಮಾತು ಕೇಳತೈತ್ರಿ ಮಾಸ್ತರ. ನಮಗ ಕಟಗಿ ಮಾತು ಕೇಳೋದು ಬೇಕು" ಎಂದು ಹಳೆಯ ಗ್ರಾಮಫೋನಿನ ತಲೆಯನ್ನೇ ಕಿತ್ತು ತಂದ. ಸೂಜಿಯ ಹಿಂದೆ ಕಲ್ಲುಸಕ್ಕರೆಯಂಥ ಒಂದು ಹರಳು. ತಂತಿ ನಡುಗಿದರೆ ಮರ ನಡುಗುತ್ತದೆ, ಮರ ನಡುಗಿದರೆ ಸೂಜಿ ಹರಳನ್ನು ಚಿವುಟುತ್ತದೆ, ಚಿವುಟಿದರೆ ಹರಳು ಚೂರು ಕರೆಂಟು ಕೊಡುತ್ತದಂತೆ. ನಮ್ಮ ಹೆಡ್‌ಮಾಸ್ತರರನ್ನು ಚಿವುಟಿದ್ದರೆ ಒಂದು ದಿನದ ರಜೆಯೂ ಸಿಗುತ್ತಿರಲಿಲ್ಲ.

ಅಸಲಿಗೆ ತಂತಿಯ ದನಿ ಸೊಳ್ಳೆಯದಷ್ಟೇ. ಅದನ್ನು ದೊಡ್ಡದು ಮಾಡುವುದು ಗಿಟಾರಿನ ಮರದ ಹೊಟ್ಟೆ. ಹೊಟ್ಟೆಯಿಂದಲೇ ದೊಡ್ಡವರಾದವರು ನಮ್ಮ ತಾಲೂಕಿನಲ್ಲಿ ಬೇರೆಯೂ ಇದ್ದರು, ಅದು ಬಿಡಿ. ತಂತಿ ಕೂರುವ ಕುದುರೆಯ ಪಕ್ಕ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಲಾಲಸಾಬ ಆ ತಲೆಯನ್ನು ಬಿಗಿದ. ವೈರು ದನಿ ಹಿಗ್ಗಿಸುವ ಬ್ಯಾಟರಿ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಲೌಡ್‌ಸ್ಪೀಕರಿಗೆ.

ಅಂಗಿಯ ಗುಂಡಿ ಮರಕ್ಕೆ ತಾಗಿದ್ದೇ ಗುಡುಗಿದಂತಾಯಿತು. ಗಿಟಾರನ್ನು ತೊಡೆಯ ಮೇಲೆ ಸರಿಸಿಕೊಂಡ ಸದ್ದನ್ನೂ ಊರು ಕೇಳಿತು. ಆಮೇಲೆ ನುಡಿಸಿದೆ ನೋಡಿ! ಕಾಗೆಗಳು ಎದ್ದವು, ಎದುರು ಮನೆಯ ಎಮ್ಮೆ ಹಗ್ಗ ಹರಿಯಿತು, ಪಕ್ಕದ ಸಂಗಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿಬಂದಳು. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅವ್ವ ತಲೆ ಎತ್ತಿ, "ಸುರು ಮಾಡಿಯೇನೋ ತಮ್ಮಾ?" ಎಂದಳು.

ನಾನು ಗಿಟಾರು ಕೆಳಗಿಡಲು ಹೋದೆ. ಲಾಲಸಾಬ ಬಿಡಲಿಲ್ಲ. ನುಡಿಸಿರೆಂದು ನನಗೆ ಹೇಳಿ, "ಇಲ್ಲಿ ಕೈ ಇಡ್ರಿ ಅವ್ವಾರ" ಎಂದು ಆಕೆಗೆ ಸನ್ನೆ ಮಾಡಿದ. ಆಕೆ ಗಿಟಾರಿನ ಮೇಲೆ ಅಂಗೈ ಇಟ್ಟು, "ಅಯ್ಯ, ಇದು ನಡಗಾಕತ್ತೇತಿ!" ಎಂದಳು. ಮರುಗಳಿಗೆ ಏನು ತೋಚಿತೋ, ಬಗ್ಗಿ ದವಡೆಯನ್ನೇ ಮರಕ್ಕೆ ಆನಿಸಿದಳು. ಕಣ್ಣು ಅರಳಿದವು. ಲಾಲಸಾಬ ಮೆಲ್ಲಗೆ ಬ್ಯಾಟರಿಯ ವೈರು ಕಿತ್ತ. ಇನ್ನು ಅದರ ಕೆಲಸವಿರಲಿಲ್ಲ. ಮರದಿಂದ ಎಲುಬಿಗೆ, ಎಲುಬಿನಿಂದ ಒಳಗಿನ ಕಿವಿಗೆ ಹಾಡು ತಾನೇ ದಾರಿ ಹಿಡಿದಿತ್ತು. ಗೊತ್ತಿದ್ದದ್ದನ್ನೆಲ್ಲ ನುಡಿಸಿದೆ. ಗೊತ್ತಿದ್ದದ್ದು ಎರಡೇ.

ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಚಲೋ ಐತಿ" ಎಂದಳು. ನಾನು ಉಬ್ಬಿದೆ. "ಖರೆ, ಮ್ಯಾಲಿಂದ ಎರಡನೇ ತಂತಿ ಇಳದೈತಿ. ಬಿಗಿ ಮಾಡು."

ಮೂರು ವರ್ಷ ಒಳ್ಳೆ ಕಿವಿಯವರೆಲ್ಲ ತಲೆದೂಗಿದ ತಂತಿ ಅದು! ಹೊಗಳುವವರು ದೂರ ಕೂತು ಹೊಗಳುತ್ತಾರೆ. ತಪ್ಪು ಕೇಳಬೇಕಾದರೆ ದವಡೆ ತಾಗುವಷ್ಟು ಹತ್ತಿರ ಬರಬೇಕೇನೋ. ಅವ್ವ ಮತ್ತೆ ಬಗ್ಗಿದಳು. ನಾನು ಆ ತಂತಿಯ ಬಿರಡೆ ತಿರುವಿದೆ.

"ಇನ್ನೊಂದೀಟು" ಎಂದಳು.