ಗದ್ವಾಲಿಗೆ ಹೋದ ಮುತ್ತಜ್ಜ

ಕಮ್ಮಾರ ಕಾಕಾನ ಮೈ ಇದ್ದಿಲಿನ ಬಣ್ಣ, ಕಣ್ಣು ಮಾತ್ರ ಬೆಕ್ಕಿನವು. ಕುಲುಮೆಯ ಬೆಂಕಿಗೆ ಬಾಗಿದಾಗ ಆ ಕಣ್ಣು ಹಸಿರೋ ಬೂದು ಬಣ್ಣವೋ ತಿಳಿಯುತ್ತಿರಲಿಲ್ಲ. ಮಕ್ತಲ್‌ನ ನಮ್ಮ ಓಣಿಗೆ ಹೊಸದಾಗಿ ಬಂದ ಸೊಸೆಯರು ಅವನನ್ನು ಕಂಡು ಸೆರಗು ಬಾಯಿಗೆ ಹಿಡಿಯುತ್ತಿದ್ದರು. ಅವನು ಕುಡುಗೋಲು ಬಡಿಯುತ್ತಲೇ, "ಹೆದರಬ್ಯಾಡವ್ವ, ಈ ಕಣ್ಣು ನನ್ನವಲ್ಲ, ನಮ್ಮ ಮುತ್ತಜ್ಜನ್ವು. ತಿರುಗಿ ಕೇಳಾಕ ಅವ ಬಂದಿಲ್ಲ, ಇಟ್ಕೊಂಡೀನಿ" ಅನ್ನುತ್ತಿದ್ದ.

ಆ ಮುತ್ತಜ್ಜ ಪರಂಗಿಯವನು. ಕೃಷ್ಣಾ ನದಿಗೆ ರೈಲಿನ ಸೇತುವೆ ಕಟ್ಟುವ ಕಾಲಕ್ಕೆ ಹಡಗು ಹತ್ತಿ ಬಂದ ಕಮ್ಮಾರ. ಸೇತುವೆ ಮುಗಿದು ಜೊತೆಯವರೆಲ್ಲ ಹಿಂದಿರುಗಿದರೂ ಇವನು ಹೋಗಲಿಲ್ಲ. ಡೇರೆಗಳಿಗೆ ಹಾಲು ತರುತ್ತಿದ್ದ ಕುರುಬರ ಹುಡುಗಿಯನ್ನು ಮದುವೆಯಾಗಿ ಮಕ್ತಲ್‌ನಲ್ಲಿ ಕುಲುಮೆ ಹಾಕಿದ. ಅಲ್ಲಿಂದ ಶುರುವಾಯಿತು ಆ ಮನೆತನದ ಫಜೀತಿ. ಬಿಳಿಯರು ಇವರನ್ನು ಕರಿಯರೆಂದರು, ಊರ ಕಮ್ಮಾರರು ಪರಂಗಿಯವರೆಂದರು. ಹಿತ್ತಿಲಲ್ಲಿ ಅವನ ಗೋರಿ, ತಲೆಯ ಕಡೆ ಅವನ ಮಗನೇ ಬಡಿದು ಮಾಡಿದ ಕಬ್ಬಿಣದ ಶಿಲುಬೆ. ಹಬ್ಬ ಬಂದರೆ ಕಾಕಾ ಕುರುಬರ ದೇವರು ಬೀರಪ್ಪನಿಗೆ ಏರಿಸಿದ ಅರಿಶಿನದ ಭಂಡಾರವನ್ನೇ ತಂದು ಆ ಶಿಲುಬೆಗೂ ಬಳಿಯುತ್ತಿದ್ದ.

ಮುತ್ತಜ್ಜ ಬಿಟ್ಟುಹೋದ ಇನ್ನೊಂದು ರೂಢಿಯಿತ್ತು. ಸಂಜೆ ಕೆಲಸ ಮುಗಿದ ಮೇಲೆ ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿಗೆ, ಅದರ ಮೇಲೆ ಏನೂ ಇಡದೆ, ಸುತ್ತಿಗೆಯಿಂದ ಮೂರು ಏಟು. ಹಾಗೆ ಬಡಿಯದಿದ್ದರೆ ರಾತ್ರಿ ಸೈತಾನ ಬಂದು ಕುಲುಮೆಯಲ್ಲಿ ಕೂರುತ್ತಾನೆಂದು ಅವನ ದೇಶದ ನಂಬಿಕೆಯಂತೆ. ಖಾಲಿ ಕತ್ತರಿ ಆಡಿಸಿದರೇ ಮನೆಯಲ್ಲಿ ಜಗಳ ಅನ್ನುವ ನಮ್ಮ ಓಣಿಯವರಿಗೆ ಅದು ಅಪಶಕುನ. ನನ್ನ ಅವ್ವ ಮಾತ್ರ ಆ ಸದ್ದು ಕೇಳಿಯೇ ದೇವರ ದೀಪ ಹಚ್ಚುತ್ತಿದ್ದಳು. ಮನೆಗೆ ಗಡಿಯಾರ ಬಂದ ಮೇಲೂ ಬಿಡಲಿಲ್ಲ.

ಕಾಕಾನಿಗೆ ಒಬ್ಬಳೇ ಮಗಳು, ಅವಳಿಗೂ ಅವೇ ಕಣ್ಣು. ಬಂದ ಗಂಡುಗಳು ಕಣ್ಣು ಮೆಚ್ಚಿ, ಕುಲ ಕೇಳಿ, ಚಹಾ ಕುಡಿದು ಹೋಗುತ್ತಿದ್ದರು. ಕೊನೆಗೆ ಗದ್ವಾಲಿನಿಂದ ಒಂದು ಸಂಬಂಧ ಬಂತು. ಹುಡುಗ ಒಪ್ಪಿದ. ಅವನ ತಾಯಿ ಹಿತ್ತಿಲಿಗೆ ಹೋಗಿ ಬಂದು ಸೆರಗು ಕೊಡವಿದಳು.

"ಹುಡುಗಿ ಬಂಗಾರದಂಥಾಕಿ. ಆದ್ರ ಹಿತ್ತಲದಾಗ ಪರಂಗಿ ಗೋರಿ ಐತಿ ಅಂದ್ರ ಮಂದಿಗೆ ಏನ್ ಜವಾಬು ಕೊಡ್ಲಿ? ಅದನ್ನ ತಗಸ್ರಿ. ಆ ಖಾಲಿ ಬಡಿಯೋದೂ ಬಿಡ್ರಿ. ಆಮ್ಯಾಲೆ ಮಾತು."

ನೀರಿನ ನಲ್ಲಿಯ ಹತ್ತಿರ ಮಗಳು ನನ್ನ ಕೈ ಹಿಡಿದಳು. "ಅಕ್ಕಾ, ಇದೂ ಮುರಿದ್ರ ನಾ ಇನ್ನೊಮ್ಮೆ ಯಾರ ಮುಂದೂ ಚಾ ಹಿಡಿದು ನಿಂದ್ರಂಗಿಲ್ಲ. ಅಪ್ಪಗ ಹೇಳಬ್ಯಾಡ."

ಹೇಳುವ ಅಗತ್ಯವೇ ಬೀಳಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಕಾಕಾ ಶಿಲುಬೆ ಕಿತ್ತು, ಗೋರಿಯ ಕಲ್ಲು ತೆಗೆದು, ನೆಲ ಸಮ ಮಾಡಿ ಬದನೆ ಸಸಿ ನೆಟ್ಟಿದ್ದ.

ಶಿಲುಬೆ ಕುಲುಮೆಗೆ ಹೋಯಿತು. ನಾನು ಮಜ್ಜಿಗೆ ಕೊಡಲು ಹೋದಾಗ ಅದನ್ನು ಕಾಯಿಸಿ ಬಡಿಯುತ್ತಿದ್ದ. "ಹಳೆ ಕಬ್ಬಿಣ, ಭಾಳ ಮೆತ್ತಗ. ಅಲಗಿನ ಬಾಯಿಗೆ ಲಾರಿ ಪಟ್ಟಾದ ಉಕ್ಕು ಹಚ್ಚಬೇಕು" ಅಂದ. ಮಗಳಿಗೆ ಕೊಡಲು ಕಾಯಿಪಲ್ಲೆ ಹೆಚ್ಚುವ ಈಳಿಗೆ ಮಾಡುತ್ತಿದ್ದ. ನನಗೆ ನಗು ಬಂತು; ಬೀಗತಿ ಬೇಡವೆಂದ ಮುತ್ತಜ್ಜ ಅವಳ ಅಡುಗೆಮನೆಗೇ ಹೊರಟಿದ್ದನಲ್ಲ!

ಕಾಕಾ ನಗಲಿಲ್ಲ. "ನಗಬ್ಯಾಡವ್ವ. ಅಷ್ಟು ದೂರಿಂದ ಬಂದವನ್ನ ನಾ ಬೆಂಕಿಗೆ ಹಾಕೀನಿ" ಅಂದ. ಆ ಬೆಕ್ಕಿನ ಕಣ್ಣಲ್ಲಿ ನೀರಿತ್ತು.

ಮದುವೆ ಚೆನ್ನಾಗಿಯೇ ಆಯಿತು. ಸಂಜೆಯ ಏಟು ನಿಂತವು. ಬೀಗರು ಗದ್ವಾಲಿನಲ್ಲಿದ್ದಾರೆ, ಇನ್ನು ಬಡಿದರೆ ಯಾರಿಗೆ ಕೇಳುತ್ತದೆ ಎಂದು ನಾನಂದರೆ, "ಯಾರಿಗಂತ ಬಡೀಲಿ? ಮುತ್ತಜ್ಜನೂ ಗದ್ವಾಲಕ್ಕ ಹೋಗ್ಯಾನ" ಅನ್ನುತ್ತಿದ್ದ. ಮಳೆಗಾಲಗಳು ಕಳೆದಂತೆ ಎರೆ ಮಣ್ಣು ಗೋರಿಯ ಗುರುತನ್ನೇ ನುಂಗಿತು. ಕಾಕಾ ಬದನೆ ಸಾಲಿನಲ್ಲಿ ಕೂತು ನೆಲ ತಡವುವುದನ್ನು ಕಂಡಿದ್ದೇನೆ. "ನನ್ನ ಅವನ ಮಗ್ಗಲದಾಗ ಇಡ್ರಿ ಅಂತ ಹೇಳಾಂವಿದ್ದೆ. ಈಗ ಎಲ್ಲಿ ಅಂತ ತೋರಸ್ಲಿ?"

ಕಳೆದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡ. ಸಲಿಕೆ ಹಿಡಿದವರು ಹಿತ್ತಿಲಲ್ಲಿ ಎಲ್ಲಿ ಅಗೆಯುವುದೆಂದು ತಿಳಿಯದೆ ನಿಂತಿದ್ದಾಗ ಗದ್ವಾಲಿನಿಂದ ಮಗಳು ಬಂದಳು, ಹಿಂದೆಯೇ ಅತ್ತೆ. ಮಗಳು ಒಂದು ಜಾಗ ತೋರಿಸಿ, "ಇಲ್ಲೇ" ಅಂದಳು. ಅದೇ ಜಾಗವೋ ಅಲ್ಲವೋ, ಯಾರೂ ಕೇಳಲಿಲ್ಲ. ಮಣ್ಣು ಮುಚ್ಚಿದ ಮೇಲೆ ಅವಳು ಚೀಲದಿಂದ ಈಳಿಗೆ ತೆಗೆದು ತಲೆಯ ಕಡೆ ಊರಿದಳು.

"ಮನಿ ಈಳಿಗಿ ಇಲ್ಲಿಗ್ಯಾಕ ತಂದಿ?" ಅತ್ತೆ ಕೇಳಿದಳು.

"ನೀವು ತಗಸಿದ ಶಿಲುಬಿರಿ ಇದು, ಅತ್ತಿ. ಅಪ್ಪ ಕೊಡೋವಾಗ್ಲೇ ಹೇಳಿದ್ದ. ಇನ್ನ ಮುತ್ತಜ್ಜನೂ ಅವನೂ ಕೂಡೇ ಇರಲಿ."

ಅತ್ತೆಯ ಮುಖ ಬಿಳಿಚಿತು. "ಇಷ್ಟು ವರ್ಷ ನನ್ನ ಕೈಲೇ ಹೆಚ್ಚಿಸಿದ್ಯಲ್ಲಾ?" ಅಂದು, ಅಂಗೈ ನೋಡಿಕೊಳ್ಳುತ್ತ ಹೊರಗಿನ ಆಟೋದಲ್ಲಿ ಹೋಗಿ ಕೂತಳು. ಗದ್ವಾಲಿನಲ್ಲಿ ಈ ಹುಡುಗಿಗೆ ಏನು ಕಾದಿದೆಯೋ ಎಂದು ನಾನು ಹೆದರಿದೆ. ಇವತ್ತಿಗೂ ಆ ಹೆದರಿಕೆ ಹೋಗಿಲ್ಲ.

ಮಗಳು ಅತ್ತ ನೋಡಲೇ ಇಲ್ಲ. ಆರಿದ ಕುಲುಮೆಗೆ ಹೋಗಿ, ಎರಡೂ ಕೈಯಲ್ಲಿ ಅಪ್ಪನ ಸುತ್ತಿಗೆ ಎತ್ತಿ, ಖಾಲಿ ಅಡಿಗಲ್ಲಿನ ಮೇಲೆ ಮೂರು ಏಟು ಹಾಕಿದಳು. ಹೊರಗೆ ಇನ್ನೂ ಉರಿ ಬಿಸಿಲು. ನಾನು ಮನೆಗೆ ಹೋಗಿ ದೀಪ ಹಚ್ಚಿದೆ.