ಹುಚ್ಚ ಮೈದುನ, ಶಾಣ್ಯಾ ಗಂಡ

ಮರಳಿ ಎಂಬ ಊರಿನ ಆ ಮನೆಗೆ ಸೊಸೆಯಾಗಿ ಬಂದಾಗ ನಾನು ಮೊದಲು ನೋಡಿದ್ದು ಮೈದುನನ ಕಾಲಿನ ಕೊರಡು. ದಪ್ಪನೆಯ ಜಾಲಿ ತುಂಡು, ಅದಕ್ಕೊಂದು ಸರಪಳಿ. ನಿಜಾಮರ ಕಾಲದಲ್ಲಿ ನಮ್ಮ ಕಡೆ ಹುಚ್ಚರನ್ನು ಹಾಗೆಯೇ ಕಟ್ಟುತ್ತಿದ್ದರು. ಕಂಬಾರ ಬಂದು ಕೀಲು ಬಡಿದು ಹೋಗುತ್ತಿದ್ದ. ಮೈದುನ ಗೋಡೆಯ ಜೊತೆ ಮಾತಾಡುತ್ತಿದ್ದ, ತನ್ನ ತಾಟಿನ ಅನ್ನವನ್ನು ಗುಬ್ಬಿಗಳಿಗೆ ಹಾಕುತ್ತಿದ್ದ. ಯಾರ ಮೇಲೂ ಕೈ ಎತ್ತಿದವನಲ್ಲ. ಆದರೂ ಊರೆಲ್ಲ ಅವನಿಗೆ ಅಂಜುತ್ತಿತ್ತು.

ಕೈ ಎತ್ತುತ್ತಿದ್ದವರು ನನ್ನ ಗಂಡ. ಸಾರಿಗೆ ಉಪ್ಪು ಹೆಚ್ಚಾದರೆ ನನ್ನ ಮೇಲೆ, ಎತ್ತು ಮೊಂಡು ಹಿಡಿದರೆ ಎತ್ತಿನ ಮೇಲೆ. ಊರಿನ ಜನ ಅದಕ್ಕೆ 'ಖಡಕ್ ಮನಿಷ್ಯಾ' ಎಂದು ಹೆಸರಿಟ್ಟು, ಪಂಚಾಯಿತಿಯಲ್ಲಿ ಕಂಬಳಿ ಹಾಸಿ ಕೂರಿಸುತ್ತಿದ್ದರು. ಅಷ್ಟು ಬುದ್ಧಿವಂತ ಊರು ನಮ್ಮದು.

ಗದ್ದೆಗೆ ನೀರು ತಿರುವುವ ಜಗಳದಲ್ಲಿ ಅವರು ಪಕ್ಕದ ಗದ್ದೆಯವನನ್ನು ಸಲಿಕೆಯಿಂದ ಹೊಡೆದು ಕೊಂದರು. ಸತ್ತ ಮೇಲೂ ಹೊಡೆಯುತ್ತಿದ್ದರು. ಬುತ್ತಿ ಒಯ್ದಿದ್ದ ನಾನು ಬದುವಿನ ಮೇಲೆ ನಿಂತಿದ್ದೆ. ಮುಗಿದ ಮೇಲೆ ಕಾಲುವೆಯಲ್ಲಿ ಕೈ ತೊಳೆದುಕೊಂಡು ಬಂದು, "ಬುತ್ತಿ ಬಿಚ್ಚು" ಅಂದರು.

ಗಂಗಾವತಿಯಿಂದ ಪೊಲೀಸ್ ಅಮೀನರು ಬರುವ ಮೊದಲೇ ಅತ್ತೆ ಕಂಬಾರನನ್ನು ಕರೆಸಿ ಮೈದುನನ ಕೊರಡು ಬಿಚ್ಚಿಸಿದರು.

"ಆಂವ ಮನಿ ಬಿಟ್ಟು ಹೊರಗ ಹೋಗಿಲ್ಲಲ್ರಿ, ಅತ್ತಿ" ಅಂದೆ.

"ಹುಚ್ಚರನ್ನ ಗಲ್ಲಿಗೆ ಹಾಕೂದಿಲ್ಲವ್ವ, ಶಾಣ್ಯಾರನ್ನ ಹಾಕ್ತಾರ. ನನಗ ಇಬ್ಬರೂ ಮಕ್ಕಳು ಉಳೀಬೇಕು."

ಹೆತ್ತವಳ ಮಾತು.

ಚಾವಡಿಯಲ್ಲಿ ಅಮೀನರು ಕೇಳಿದಾಗ ಊರಿಗೆ ಊರೇ, "ಹೌದ್ರಿ ಸಾಹೇಬ್ರ, ಹುಚ್ಚ ತಪ್ಪಿಸಿಕೊಂಡು ಹೋಗಿ ಹೊಡದಾನ್ರಿ" ಅಂದಿತು. ಬಹಳ ಜನ ಅದನ್ನು ನಂಬಿಯೇ ಹೇಳಿದರು; ಇಂಥ ಕೆಲಸ ಹುಚ್ಚನಲ್ಲದೆ ಮತ್ತಾರು ಮಾಡಿಯಾರು ಎಂಬುದು ಅವರ ತಿಳಿವಳಿಕೆ. ಕಣ್ಣಾರೆ ಕಂಡ ನಾನೂ ಅದನ್ನು ಸುಳ್ಳೆನ್ನಲಿಲ್ಲ; ನೆನೆದರೆ ಇಂದಿಗೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ. ಪೊಲೀಸರ ನಡುವೆ ಹೊರಟ ಮೈದುನ, ಕೊರಡಿಲ್ಲದ ಕಾಲನ್ನು ಇನ್ನೂ ಎಳೆದೆಳೆದು ಹಾಕುತ್ತಿದ್ದ. ಎಲ್ಲರೂ ನೋಡಿದರು. ಈ ಕಾಲು ಓಡಿಹೋಗಿ ಕೊಂದಿತೇ ಎಂದು ಒಬ್ಬರೂ ಕೇಳಲಿಲ್ಲ. ಹುಚ್ಚಾಸ್ಪತ್ರೆಯಿಂದ ಅವನು ತಿರುಗಿ ಬರಲೇ ಇಲ್ಲ.

ಅವನನ್ನು ಒಯ್ದ ದಿನ ಸಂಜೆ, ಎದುರು ಮನೆಯಾಕೆ ತನ್ನ ಕೂಸನ್ನು ಎತ್ತಿಕೊಂಡು ಮೊದಲ ಸಲ ನಮ್ಮ ಅಂಗಳಕ್ಕೆ ಬಂದಳು. "ಇನ್ನ ಅಂಜಿಕಿ ಇಲ್ಲ ಬಿಡವ್ವ" ಅಂದಳು. ಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದ ನನ್ನ ಗಂಡ ಕೈ ಚಾಚಿದರು. ಅವಳು ನಗುತ್ತ ಕೂಸನ್ನು ಅವರ ತೊಡೆಯ ಮೇಲೆ ಕೂರಿಸಿದಳು.